ಹಳದಿ ಮೀನಿನ ಉಪವಾಸ

ಹೊಸಪೇಟೆ
೪ ಜೂನ್ ೨೦೦೬

ಚಿ. ಸೌ. ಹರಿಪ್ರಿಯಾಳಿಗೆ ಅತ್ತೆ ಇಂದಿರಾಬಾಯಿಯ ಆಶೀರ್ವಾದ.

ನಾನು ಕ್ಷೇಮ. ನಿನ್ನ ಗಂಡ ಸಂಡೂರಿನ ಗಣಿ ಲ್ಯಾಬಿನ ಕೆಂಪು ಧೂಳಿನಲ್ಲಿ ಕ್ಷೇಮ. ಕ್ಷೇಮವಿಲ್ಲದವು ನಿನ್ನ ಮೀನುಗಳು, ಅದಕ್ಕೇ ಈ ಪತ್ರ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀ. ಭಾನುವಾರ ಫೋನು ಮಾಡಿದಾಗ ನೀನು "ಊಟ ಆಯ್ತೇನ್ರಿ" ಅನ್ನುತ್ತೀ, ನಾನು "ಆತು, ನಿಂದು?" ಅನ್ನುತ್ತೇನೆ. ಆಮೇಲೆ ಇಬ್ಬರೂ ಸೇರಿ ಬೀದರಿನ ಬಿಸಿಲನ್ನು ಬೈದು ಮುಗಿಸುವಷ್ಟರಲ್ಲಿ ಫೋನು ಭಾರ್ಗವನ ಕೈಗೆ ಹೋಗಿರುತ್ತದೆ. ಬೀದರಿನ ಬಿಸಿಲನ್ನು ಎಷ್ಟು ವಾರ ಅಂತ ಬೈಯುವುದು? ಪತ್ರವಾದರೆ ನಡುವೆ ಯಾರೂ ಕೈಯಿಂದ ಕಿತ್ತುಕೊಳ್ಳುವುದಿಲ್ಲ.

ಏಪ್ರಿಲ್‌ನಲ್ಲಿ ನೀನಾಗಿಯೇ ಕೇಳಿಕೊಂಡು ಬೀದರ್ ಬ್ರಾಂಚಿಗೆ ವರ್ಗ ಮಾಡಿಸಿಕೊಂಡು ಹೊರಟಾಗ, ಪಡಸಾಲೆಯ ಎರಡಡಿ ಟ್ಯಾಂಕು ತೋರಿಸಿ "ದಿನಾ ಒಂದ್ ಚಿಟಿಕಿ ಹಾಕ್ರಿ, ಸಾಕು" ಎಂದಿದ್ದೆ. ಎಷ್ಟು ದಿನ ಎಂದು ನೀನು ಹೇಳಲಿಲ್ಲ, ನಾನು ಕೇಳಲಿಲ್ಲ. ಆ ಆಹಾರದ ಡಬ್ಬಿಯಲ್ಲಿ ಒಣಸೀಗಡಿ ಪುಡಿ ಇದೆಯೆಂದು ನಿನಗೂ ಗೊತ್ತು, ನನಗೂ ಗೊತ್ತು, ನಾವು ಮಾತಾಡುವುದು ಬೇಡ. ಡಬ್ಬಿ ಹಿತ್ತಲ ಗೂಡಿನಲ್ಲಿದೆ. ಹಾಕಿದ ಮೇಲೆ ಸ್ನಾನ ಮಾಡುತ್ತೇನೆ, ಆಮೇಲೆ ಮಡಿ.

ವಿಷಯ ಇಷ್ಟು. ನಿನ್ನ ಹಳದಿ ಸಿಕ್ಲಿಡ್‌ಗಳು ಬಂದಾಗ ಬೆರಳಿನ ಗೆಣ್ಣಿನಷ್ಟಿದ್ದವು, ಈಗ ನನ್ನ ನಡುಬೆರಳಿಗಿಂತ ಉದ್ದ. ಇಡೀ ದಿನ ಒಂದನ್ನೊಂದು ಅಟ್ಟಿಸಿಕೊಂಡು ತಿರುಗುತ್ತವೆ. ಒಂದು ಬಡಪಾಯಿಯ ಬಾಲ ಹರಿದು ಚಿಂದಿಯಾಗಿದೆ, ಅದು ಪಂಪಿನ ಹಿಂದೆ ಅವಿತುಕೊಂಡಿರುತ್ತದೆ. ಭಾರ್ಗವ ನೋಡಿದ. "ಅಮ್ಮ, ಯಾರಿಗರ ಕೊಟ್ಟುಬಿಡೋಣಲ್ಲ? ನಮ್ಮ ಲ್ಯಾಬಿನಾಗ ಒಬ್ಬ ಕೇಳ್ಯಾನ" ಎಂದ. ಕೇಳಿದವರಿಗೆಲ್ಲ ಕೊಡಲು ಅವೇನು ಹಿತ್ತಲ ಕರಿಬೇವೇ? ಯಜಮಾನಿ ಊರಲ್ಲಿಲ್ಲದಾಗ ಅವಳ ವಸ್ತುವನ್ನು ದಾಟಿಸುವ ಪದ್ಧತಿ ನಮ್ಮಲ್ಲಿಲ್ಲ ಎಂದೆ.

ದೊಡ್ಡ ಟ್ಯಾಂಕು ಕಟ್ಟಿಸೋಣ ಎಂದುಕೊಂಡಿದ್ದೇನೆ. ಹೇಗೆ ಎಂದು ವಿವರವಾಗಿ ಬರೆ. ನಾನು ಸೊಸೆಯ ಮಾತು ಕೇಳುವವಳಲ್ಲ ಎಂದು ಊರೆಲ್ಲ ಹೇಳುತ್ತದೆ, ಆದರೆ ಬರೆದುಕೊಟ್ಟರೆ ಕೇಳುತ್ತೇನೆ.

ನಿನ್ನ ದಾರಿ ಅಲ್ಲ, ಕಾಗದದ ದಾರಿ ಕಾಯುತ್ತಿರುವ,
ಇಂದಿರಾಬಾಯಿ


ಬೀದರ್
೧೩ ಜೂನ್ ೨೦೦೬

ಪೂಜ್ಯ ಅತ್ತೆಯವರಿಗೆ ನಮಸ್ಕಾರಗಳು.

ಪತ್ರ ತಲುಪಿತು. ಮೀನುಗಳನ್ನು ಆ ಲ್ಯಾಬಿನವರಿಗೇ ಕೊಟ್ಟುಬಿಡಿ. ನೀವು ಈ ವಯಸ್ಸಿನಲ್ಲಿ ಅವುಗಳ ಸಲುವಾಗಿ ಕಷ್ಟಪಡುವುದು ಬೇಡ. ನಾನು ಯಾವಾಗ ಬರುತ್ತೇನೋ, ಬರುತ್ತೇನೋ ಇಲ್ಲವೋ, ನನಗೇ ತಿಳಿಯದು. ಇಲ್ಲಿ ಬಾಡಿಗೆ ಕೋಣೆ ಚೆನ್ನಾಗಿದೆ. ಬ್ಯಾಂಕಿನಲ್ಲಿ ಕೆಲಸ ಬಹಳ.

ಹರಿಪ್ರಿಯಾ

ಎರಡನೇ ಹಾಳೆ, ೧೫ ಜೂನ್

ಮೇಲಿನದನ್ನು ಬರೆದು ಮಡಚಿಟ್ಟಿದ್ದೆ. ಪೋಸ್ಟ್ ಡಬ್ಬಿಯವರೆಗೆ ಹೋಗಿ ವಾಪಸು ಬಂದೆ. ಹರಿದ ಬಾಲದ ಮೀನು ಕಣ್ಣಿಗೆ ಕಟ್ಟಿದ ಹಾಗಾಯಿತು.

ಟ್ಯಾಂಕು ನಾಲ್ಕು ಅಡಿ ಉದ್ದ ಇರಲಿ, ಅಗಲ, ಎತ್ತರ ಒಂದೂವರೆ ಅಡಿ. ನೀರು ತುಂಬಿದಾಗ ಎರಡು ಮೂಟೆ ಅಕ್ಕಿಗಿಂತ ಹೆಚ್ಚು ಭಾರ, ಆದ್ದರಿಂದ ಸ್ಟ್ಯಾಂಡು ಗಟ್ಟಿ ಕಬ್ಬಿಣದ್ದೇ ಆಗಬೇಕು. ಗಾಜಿನ ಕೆಳಗೆ ಥರ್ಮಕೋಲ್ ಹಾಸಿ, ಇಲ್ಲವಾದರೆ ಒಂದು ಸಣ್ಣ ಹರಳು ಸಿಕ್ಕಿಕೊಂಡರೂ ತಳ ಒಡೆಯುತ್ತದೆ. ಮೇಲೆ ಗಾಜಿನ ಮುಚ್ಚಳ ಬೇಕೇ ಬೇಕು, ನಮ್ಮೂರಿನ ಧೂಳಿಗೆ ಒಂದೇ ದಿನದಲ್ಲಿ ನೀರು ರಾಗಿ ಅಂಬಲಿಯಾಗುತ್ತದೆ.

ನಲ್ಲಿಯ ಸಿಹಿನೀರು ಹಾಕಬೇಡಿ. ಬೋರಿನ ಸವುಳು ನೀರೇ ಇವಕ್ಕೆ ಅಮೃತ, ಇವು ಹುಟ್ಟಿದ ಆಫ್ರಿಕಾದ ಸರೋವರದ ನೀರೂ ಹಾಗೇ ಗಡಸಂತೆ. ಕಲ್ಲುಗಳನ್ನು ಮೊದಲು ಗಾಜಿನ ತಳದ ಮೇಲೆ ಕೂರಿಸಿ, ಆಮೇಲೆ ಮರಳು ಹಾಕಿ. ಮರಳಿನ ಮೇಲೆ ಕಲ್ಲಿಟ್ಟರೆ ಈ ಮೀನುಗಳು ಬುಡ ತೋಡಿ ಮೈಮೇಲೆ ಬೀಳಿಸಿಕೊಳ್ಳುತ್ತವೆ. ನಡುವೆ ಗುಹೆಗಳ ಹಾಗೆ ಸಂದುಗಳಿರಲಿ, ಓಡಿ ಅವಿತುಕೊಳ್ಳಲು ಜಾಗವಿದ್ದರೆ ಜಗಳ ಅರ್ಧ ಕಡಿಮೆ. ಇವರು ಸಂಡೂರಿನಿಂದ ಹೊಳೆಯುವ ಅದಿರಿನ ಕಲ್ಲು ತರುತ್ತೇನೆ ಎನ್ನುತ್ತಾರೆ, ಬೇಡ ಎನ್ನಿ. ಕಂಪ್ಲಿಯ ಹೊಳೆದಂಡೆಯ ಗುಂಡುಕಲ್ಲು ಸಾಕು. ಹಳೆಯ ಟ್ಯಾಂಕಿನ ಫಿಲ್ಟರಿನಲ್ಲಿರುವ ಸ್ಪಂಜನ್ನೇ ಹೊಸದಕ್ಕೆ ಹಾಕಿ, ಅದನ್ನು ಮರೆಯಬೇಡಿ.

ವಾರಕ್ಕೆ ಎರಡು ಸಲ ಪಾಲಕ್ ಸೊಪ್ಪು ಕುದಿಸಿ ಹಾಕಿದರೆ ಇಷ್ಟಪಟ್ಟು ತಿನ್ನುತ್ತವೆ.

ಹ.


ಹೊಸಪೇಟೆ
೧೨ ಜುಲೈ ೨೦೦೬

ಚಿ. ಸೌ. ಹರಿಪ್ರಿಯಾಳಿಗೆ ಆಶೀರ್ವಾದ.

ನಿನ್ನ ಎರಡನೇ ಹಾಳೆಯನ್ನು ಮಾತ್ರ ಓದಿದೆ. ಮೊದಲನೆಯದು ಯಾಕೋ ನನ್ನ ಕನ್ನಡಕಕ್ಕೆ ಕಾಣಿಸಲಿಲ್ಲ.

ಮೀನು ಸೊಪ್ಪು ತಿನ್ನುತ್ತದೆ ಎಂದು ಮೊದಲೇ ಹೇಳಬಾರದಿತ್ತೇ? ಇಷ್ಟು ದಿನ ಅವುಗಳನ್ನು ಪರರು ಎಂದುಕೊಂಡಿದ್ದೆ, ಈಗ ನೋಡಿದರೆ ನಮ್ಮವರೇ. ಕಷ್ಟವೆಂದರೆ ಈಗ ಚಾತುರ್ಮಾಸ್ಯದ ಶಾಕವ್ರತ, ಈ ತಿಂಗಳು ಮನೆಯಲ್ಲಿ ಒಂದು ಎಲೆ ಕಾಯಿಪಲ್ಯ ಬೇಯುವಂತಿಲ್ಲ. ಮೀನಿಗೆ ವ್ರತವುಂಟೇ ಎಂದು ಆಚಾರ್ಯರನ್ನು ಕೇಳುವುದು ಹೇಗೆ? ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಬೇರೆ ಒಲೆಯಲ್ಲಿ ಪಾಲಕ್ ಕುದಿಸಿದೆ. ಅರವತ್ತಾರನೇ ವಯಸ್ಸಿಗೆ ಮೀನಿಗಾಗಿ ಅಡಿಗೆಯವಳಾದೆ.

ಈ ಊರಿನಲ್ಲಿ ಈಗ ವೆಲ್ಡರ್ ಸಿಗುವುದೆಂದರೆ ಸ್ವಾಮಿಗಳ ಪಾದಪೂಜೆಗೆ ದಿನ ಸಿಕ್ಕಿದ ಹಾಗೆ. ಮರಿಯಮ್ಮನಹಳ್ಳಿ ರಸ್ತೆಯ ಉಚ್ಚೆಂಗೆಪ್ಪನ ಶೆಡ್ಡಿಗೆ ಆಟೋದಲ್ಲಿ ಹೋದೆ. ಅದಿರಿನ ಲಾರಿಗಳು ಮದುವೆ ಪಂಕ್ತಿಗೆ ಕೂತ ಹಾಗೆ ಸಾಲಾಗಿ ನಿಂತಿದ್ದವು. "ಅಮ್ಮಾರ, ಇವುಕ್ಕ ಬಾಡಿ ಕಟ್ಟಾದರೊಳಗ ನನ್ನ ಬಾಡಿ ಬಿದ್ದೋಕ್ಕೈತಿ. ಮೀನಿಂದ ಆಮ್ಯಾಲ ನೋಡಣ ಬಿಡ್ರಿ" ಎಂದ. ನಾನು ಅಲ್ಲೇ ಟೈರಿನ ಮೇಲೆ ಕೂತೆ. ಮಡಿ ಸೀರೆಯ ಮುದುಕಿ ಟೈರಿನ ಮೇಲೆ ಕೂತದ್ದನ್ನು ನೋಡಿ ಡ್ರೈವರುಗಳೆಲ್ಲ ನಗಲು ಶುರುಮಾಡಿದರು. ಉಚ್ಚೆಂಗೆಪ್ಪ ಎರಡು ಲಾರಿ ಮುಗಿಯುವವರೆಗೆ ತಡೆದುಕೊಂಡ, ಆಮೇಲೆ ತಡೆಯಲಿಲ್ಲ. "ತಗೀರಿ ನಿಮ್ಮ ಅಳತಿ" ಎಂದ. ಟಿಪ್ಪರಿಗೆ ತಂದಿದ್ದ ಆ್ಯಂಗಲ್‌ನಲ್ಲೇ ಸ್ಟ್ಯಾಂಡು ಮಾಡಿಕೊಟ್ಟ. "ಇದರ ಮ್ಯಾಲ ಅದಿರು ತುಂಬಿದ ಗಾಡಿ ನಿಂದ್ರಸ್ರಿ, ಅಲ್ಲಾಡಿದ್ರ ನನ್ನ ಹೆಸರು ಬ್ಯಾರೆ ಇಡ್ರಿ" ಎಂದಿದ್ದಾನೆ.

ಗಾಜು ಚಿತ್ತವಾಡ್ಗಿಯ ಅಂಗಡಿಯಲ್ಲಿ ಅಂಟಿಸಿದರು. ಭಾರ್ಗವ ರಜೆ ಹಾಕಿ ಕಂಪ್ಲಿಗೆ ಹೋಗಿ ಹೊಳೆಯಲ್ಲಿ ಮೊಣಕಾಲುದ್ದ ಇಳಿದು ಕಲ್ಲು ಆರಿಸಿ ತಂದ. ಅವನು ರಜೆ ಹಾಕಿದ್ದು ಎಷ್ಟು ತಿಂಗಳಾದ ಮೇಲೋ. ನೀನು ಹೇಳಿದಂತೆಯೇ ಕಲ್ಲು ಮೊದಲು, ಮರಳು ಆಮೇಲೆ. ಸವುಳು ನೀರು ತುಂಬಿಸಿದೆ. ಹಳೆಯ ಸ್ಪಂಜನ್ನೂ ಮರೆಯಲಿಲ್ಲ. ಅಯ್ಯೋ, ಅದರ ಸ್ಥಿತಿಯೇ! ಹಿಂಡಿದರೆ ಕಂದು ಕೆಸರು. ಕುದಿಯುವ ನೀರಿನಲ್ಲಿ ಅದ್ದಿ ಅದ್ದಿ ತೊಳೆದು, ಬಿಸಿಲಿಗೆ ಒಣಗಿಸಿ, ಹೊಸದರ ಹಾಗೆ ಮಾಡಿ ಹಾಕಿದ್ದೇನೆ. ಮೀನುಗಳು ಈಗ ಅರಮನೆಗೆ ಬಂದಿವೆ. ನೀನು ನೋಡಬೇಕಿತ್ತು.

ಮಾರನೇ ದಿನ, ಅವಸರದಲ್ಲಿ: ನೀರು ಗಂಜಿಯ ಹಾಗೆ ಬೆಳ್ಳಗಾಗಿದೆ. ಎಲ್ಲವೂ ಮೇಲೆ ಬಂದು ಬಾಯಿ ಬಿಡುತ್ತಿವೆ. ನಾನೇನು ತಪ್ಪು ಮಾಡಿದೆ? ಭಾರ್ಗವನಿಗೆ ನಿನ್ನ ಬ್ಯಾಂಕಿಗೇ ಫೋನು ಹಚ್ಚಲು ಹೇಳುತ್ತಿದ್ದೇನೆ.

ಇಂದಿರಾಬಾಯಿ


ಬೀದರ್
೧೯ ಜುಲೈ ೨೦೦೬

ಪೂಜ್ಯ ಅತ್ತೆಯವರಿಗೆ ನಮಸ್ಕಾರಗಳು.

ಅವತ್ತು ಫೋನಿನಲ್ಲಿ ನಿಮ್ಮ ಮೇಲೆ ಕೂಗಾಡಿದೆ. "ಆ ಸ್ಪಂಜು ಯಾರ್ ತೊಳೀರಿ ಅಂದ್ರು ನಿಮಗ" ಎಂದದ್ದು ಮ್ಯಾನೇಜರ ಕೋಣೆಗೂ ಕೇಳಿಸಿತಂತೆ. ತಪ್ಪಾಯಿತು. ತೊಳೆಯಬೇಡಿ ಎಂದು ನಾನೇ ಬರೆದಿರಲಿಲ್ಲ.

ಹರಿದ ಬಾಲದ್ದು ಹೋಯಿತೆಂದು ಇವರು ಹೇಳಿದರು. ಮಿಕ್ಕವು ಉಳಿಯುತ್ತವೆ. ಇನ್ನೆರಡು ವಾರ ದಿನಾ ಕಾಲುಭಾಗ ನೀರು ತೆಗೆದು ಬೋರಿನ ನೀರು ಹಾಕುತ್ತಿರಿ, ಆಹಾರ ಕಡಿಮೆ ಮಾಡಿ. ಆ ಕಂದು ಕೆಸರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳಿರುತ್ತವೆ, ಮೀನಿನ ಹೊಲಸಿನ ವಿಷವನ್ನು ಅವೇ ಕರಗಿಸುವುದು. ಕೊಳೆ ಎಂದು ನೀವು ತೊಳೆದದ್ದರಲ್ಲೇ ಅವುಗಳ ಜೀವ ಇತ್ತು.

ನೀವು ಒಳ್ಳೆಯದಕ್ಕೇ ಮಾಡಿದಿರಿ. ನಮ್ಮ ಮನೆಯಲ್ಲಿ ಎಲ್ಲವನ್ನೂ ಒಳ್ಳೆಯದಕ್ಕೇ, ಎಷ್ಟು ಬೇಗ ತೊಳೆದು ಎತ್ತಿಡುತ್ತೀರಿ! ಜನವರಿಯಲ್ಲಿ ನಾನು ಆಸ್ಪತ್ರೆಯಿಂದ ಬಂದಾಗ ನನ್ನ ಕೋಣೆಯೂ ಹೀಗೇ ಚೊಕ್ಕಟವಾಗಿತ್ತು. ಹೊಸ ಹಾಸಿಗೆ, ಸಾರಿಸಿದ ನೆಲ. ಮಂಚದ ಕೆಳಗಿನ ಬುಟ್ಟಿ ಮಾತ್ರ ಇರಲಿಲ್ಲ. ಅದರಲ್ಲಿ ನಾನು ಹೆಣೆಯುತ್ತಿದ್ದ ಹಸಿರು ಸ್ವೆಟರ್ ಇತ್ತು, ಒಂದು ತೋಳು ಮುಗಿದಿತ್ತು. ಮಗು ಹುಟ್ಟುವ ಮೊದಲು ಅದಕ್ಕೆ ಬಟ್ಟೆ ಮಾಡಬಾರದು ಎಂಬ ಪದ್ಧತಿ ಗೊತ್ತಿದ್ದೂ ಬಾಗಿಲು ಹಾಕಿಕೊಂಡು ಕದ್ದು ಹೆಣೆದಿದ್ದೆ. ಐದು ತಿಂಗಳಿಗೆ ಮಗು ಹೋಯಿತು. ಬುಟ್ಟಿ ತೆಗೆದವರು ನೀವೇ ಎಂದು ಗೊತ್ತಿತ್ತು. ನೀವು ಒಂದು ಮಾತೂ ಅನ್ನಲಿಲ್ಲ. ನಿನ್ನಿಂದಲೇ ಹೋಯಿತು ಎಂದು ಬಾಯಿಬಿಟ್ಟು ಅಂದಿದ್ದರೆ ಜಗಳವಾದರೂ ಆಡಬಹುದಿತ್ತು. ಏನೂ ಅನ್ನದವರ ಜೊತೆ ಹೇಗೆ ಜಗಳವಾಡುವುದು? ವರ್ಗಕ್ಕೆ ಬರೆದುಕೊಟ್ಟೆ.

ಇದನ್ನೆಲ್ಲ ಯಾಕೆ ಬರೆದೆನೋ. ಹರಿದು ಹಾಕಿದರೆ ಮೀನಿನ ಮಾತೂ ಹೋಗುತ್ತದೆ, ಅದಕ್ಕೆ ಹಾಗೇ ಕಳಿಸುತ್ತಿದ್ದೇನೆ.

ಹರಿಪ್ರಿಯಾ


ಹೊಸಪೇಟೆ
೯ ಆಗಸ್ಟ್ ೨೦೦೬

ಚಿ. ಸೌ. ಹರಿಪ್ರಿಯಾಳಿಗೆ ಆಶೀರ್ವಾದ.

ಈ ಸಲ ಕನ್ನಡಕ ಸರಿಯಾಗಿತ್ತು. ಎಲ್ಲವನ್ನೂ ಓದಿದೆ. ಉತ್ತರಕ್ಕೆಂದು ಮೂರು ನಾಲ್ಕು ಸಲ ಕೂತೆ, ಕೈ ಬರಲಿಲ್ಲ. ಮೀನಿನ ವಿಷಯ ಮಾತ್ರ ಬರೆಯುತ್ತೇನೆ, ಸಿಟ್ಟಾಗಬೇಡ.

ನೀರು ತಿಳಿಯಾಗಿದೆ. ದಿನಾ ಬೆಳಿಗ್ಗೆ ಕೊಡದಲ್ಲಿ ತೆಗೆದ ನೀರನ್ನು ತುಳಸಿಯೊಂದನ್ನು ಬಿಟ್ಟು ಮಿಕ್ಕ ಗಿಡಗಳಿಗೆ ಹಾಕಿದೆ, ದಾಸವಾಳ ಹುಚ್ಚೆದ್ದು ಹೂ ಬಿಡುತ್ತಿದೆ. ಮೀನುಗಳಿಗೆ ಒಂದೊಂದು ಮನೆಯಾಗಿದೆ. ಎಡಗಡೆಯ ಚಪ್ಪಟೆ ಕಲ್ಲಿನ ಕೆಳಗಿನದು ದೊಡ್ಡ ಹೆಣ್ಣಿನದು. ನಾನು ಅವಳನ್ನು ಯಜಮಾನಿ ಎನ್ನುತ್ತೇನೆ.

ಭಾರ್ಗವ ಈಗ ಸಂಡೂರಿನಿಂದ ಬಂದವನೇ ಕೈಕಾಲು ಕೂಡ ತೊಳೆಯದೆ ಟ್ಯಾಂಕಿನ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಾನೆ. ಮೈಯೆಲ್ಲ ಕೆಂಪು ಧೂಳು. ಬೈಯಬೇಕೆಂದು ಹೋಗಿ, ಅವನ ಮುಖ ನೋಡಿ, ಇನ್ನೊಂದು ಮಣೆ ಹಾಕಿಕೊಂಡು ಪಕ್ಕದಲ್ಲಿ ಕೂತೆ.

ಏಕಾದಶಿಗೆ ನಾನು ನೀರೂ ಮುಟ್ಟುವುದಿಲ್ಲವೆಂದು ಗೊತ್ತಲ್ಲ, ಜೂನಿನಿಂದಲೇ ಮೀನುಗಳಿಗೂ ಏಕಾದಶಿ ಮಾಡಿಸುತ್ತಿದ್ದೇನೆ. ದ್ವಾದಶಿ ಬೆಳಿಗ್ಗೆ ನನ್ನ ಪಾರಣೆಗೆ ಮೊದಲು ಅವುಗಳ ಪಾರಣೆ. ಈ ಸಲ ಎಲ್ಲವೂ ಓಡಿ ಬಂದವು, ಯಜಮಾನಿ ಬರಲಿಲ್ಲ. ಮೊದಲ ದಿನ "ನೋಡ್ರಿ, ನನಗಿಂತ ಭಕ್ತಿ ಈಕೀಗೆ" ಎಂದು ಹೆಮ್ಮೆಪಟ್ಟೆ. ಇವತ್ತಿಗೂ ಒಂದು ಕಾಳು ಮುಟ್ಟಿಲ್ಲ. ಕಲ್ಲಿನ ಕೆಳಗೆ ನಿಂತೇ ಇರುತ್ತಾಳೆ. ಗದ್ದ ಊದಿದೆ, ಮಂಗನಬಾವು ಆದ ಮಕ್ಕಳ ಹಾಗೆ. ಬಾಯಿ ಮುಚ್ಚಿ ಏನೋ ಅಗಿಯುತ್ತಿರುತ್ತಾಳೆ, ನುಂಗುವುದಿಲ್ಲ. ಅವಳೂ ಹೋಗಿಬಿಟ್ಟರೆ ನಾನು ನಿನಗೆ ಏನೆಂದು ಬರೆಯಲಿ? ಬೇಗ ಔಷಧಿ ತಿಳಿಸು. ಅಂಗಡಿಯವ ಬೆಳ್ಳುಳ್ಳಿ ರಸ ಎಂದ. ಬೆಳ್ಳುಳ್ಳಿ ಈ ಮನೆಯ ಹೊಸ್ತಿಲು ದಾಟಿಲ್ಲ. ನೀನು ಬೇಕೆಂದರೆ ಅದನ್ನೂ ತರುತ್ತೇನೆ.

ಇಂದಿರಾಬಾಯಿ


ಬೀದರ್
೧೪ ಆಗಸ್ಟ್ ೨೦೦೬

ಅತ್ತೆಯವರಿಗೆ ನಮಸ್ಕಾರಗಳು.

ಬೆಳ್ಳುಳ್ಳಿ ಬೇಡ! ಔಷಧಿಯೂ ಬೇಡ. ಯಜಮಾನಿಗೆ ಕಾಯಿಲೆಯಿಲ್ಲ, ಅವಳು ಬಾಯಲ್ಲಿ ಮೊಟ್ಟೆ ಇಟ್ಟುಕೊಂಡಿದ್ದಾಳೆ.

ಈ ಜಾತಿಯ ಮೀನು ಮೊಟ್ಟೆಯನ್ನು ಕಲ್ಲಿನ ಮೇಲೆ ಬಿಟ್ಟು ಹೋಗುವುದಿಲ್ಲ. ಎಲ್ಲವನ್ನೂ ತಾಯಿ ಬಾಯಿಗೆ ತೆಗೆದುಕೊಳ್ಳುತ್ತಾಳೆ. ಒಳಗೇ ಒಡೆದು ಮರಿಗಳು ಈಜುವಷ್ಟಾಗಲು ಮೂರು ವಾರಕ್ಕೂ ಮೇಲೆ ಬೇಕು. ಅಲ್ಲಿಯವರೆಗೆ ಅವಳು ತಿನ್ನುವುದಿಲ್ಲ, ತಿಂದರೆ ಅವೂ ಹೋಗುತ್ತವಲ್ಲ. ನೀವು ಅಗಿಯುವುದು ಎಂದುಕೊಂಡದ್ದು ಮೊಟ್ಟೆಗಳನ್ನು ಬಾಯೊಳಗೇ ಹೊರಳಿಸಿ ಗಾಳಿಯಾಡಿಸುವುದು.

ಎರಡು ವರ್ಷ ಕಾದರೂ ನನ್ನ ಕಣ್ಣಿಗೆ ಇದು ಬಿದ್ದಿರಲಿಲ್ಲ, ನಿಮ್ಮ ಕಣ್ಣಿಗೆ ಬಿತ್ತು. ಚಿಕ್ಕ ಟ್ಯಾಂಕಿನಲ್ಲಿ ಅವಳಿಗೆ ನೆಮ್ಮದಿ ಇರಲಿಲ್ಲವೋ ಏನೋ. ಹತ್ತಿರ ಯಾರೂ ಓಡಾಡಬೇಡಿ, ಗಾಜು ತಟ್ಟಬೇಡಿ. ಬೆಳಕು ಕಡಿಮೆ ಇರಲಿ. ದಿನಾ ಹೇಗಿದ್ದಾಳೆಂದು ಕಾರ್ಡಾದರೂ ಬರೆಯಿರಿ.

ಇಲ್ಲಿ ಕ್ಯಾಶ್ ಕೌಂಟರಿನವರಿಗೆಲ್ಲ ಹೇಳಿದೆ. ನಗುತ್ತಿದ್ದಾರೆ, ನಗಲಿ.

ಹರಿಪ್ರಿಯಾ


ಹೊಸಪೇಟೆ
೨೭ ಆಗಸ್ಟ್ ೨೦೦೬

ಹರಿಪ್ರಿಯಾ,

ಹೇಗೆ ಬರೆಯಲಿ ತಿಳಿಯದೆ ಎರಡು ದಿನ ತಡೆದೆ. ಶುಕ್ರವಾರ ಬೆಳಿಗ್ಗೆ ಆಹಾರ ಹಾಕಿದಾಗ ಯಜಮಾನಿ ಎಲ್ಲರಿಗಿಂತ ಮೊದಲು ಮೇಲೆ ಬಂದು ತಿಂದಳು. ಗದ್ದ ಇಳಿದಿತ್ತು. ಮರಿ ಎಲ್ಲಾದರೂ ಇದ್ದಾವೆಯೇ ಎಂದು ನಾನೂ ಭಾರ್ಗವನೂ ಒಂದೊಂದು ಸಂದಿಯಲ್ಲೂ ಬ್ಯಾಟರಿ ಬಿಟ್ಟು ಹುಡುಕಿದೆವು. ಏನೂ ಇರಲಿಲ್ಲ.

ಹೂವು ಕೊಡುವ ದುರ್ಗಕ್ಕ ಬಾಗಿಲಲ್ಲೇ ನಿಂತು, "ಹೆತ್ತಾಕೀನ ತಿಂದಾಳಲ್ರೀ, ಎಂಥಾ ತಾಯಿರೀ ಈಕಿ" ಎಂದಳು. ನನಗೆ ಎಲ್ಲಿತ್ತೋ ಸಿಟ್ಟು. "ಸುಮ್ನಿರ್ ದುರ್ಗಕ್ಕ. ಅನ್ನ ನೀರು ಬಿಟ್ಟು ಕುಂತಾಕಿ ಆಕಿ. ಆಕೀ ಸಂಕಟ ನಿನಗೇನ್ ಗೊತ್ತು" ಎಂದುಬಿಟ್ಟೆ. ಪಾಪ, ಅವಳು ಹೆದರಿ ಒಂದು ಮೊಳ ಹೂವು ಹೆಚ್ಚಾಗಿ ಕೊಟ್ಟು ಹೋದಳು.

ನಾನೇನಾದರೂ ತಪ್ಪು ಮಾಡಿದೆನೇ ಹೇಳು. ಗಾಜು ತಟ್ಟಿಲ್ಲ. ಸ್ಪಂಜು ಮುಟ್ಟಿಲ್ಲ. ಗೋಕುಲಾಷ್ಟಮಿಗೆ ಜಾಗಟೆ ಕೂಡ ಬಾರಿಸಲಿಲ್ಲ. ಅವಳ ತಪ್ಪಾದರೂ ಏನಿತ್ತು? ಇವತ್ತು ಏನೂ ಆಗಿಲ್ಲವೆನ್ನುವ ಹಾಗೆ ಈಜುತ್ತಿದ್ದಾಳೆ, ಅದನ್ನು ನೋಡಲು ಆಗುತ್ತಿಲ್ಲ.

ಇಂದಿರಾಬಾಯಿ


ಬೀದರ್
೩ ಸೆಪ್ಟೆಂಬರ್ ೨೦೦೬

ಅತ್ತೆ,

ಅವಳ ತಪ್ಪು ಏನೂ ಇಲ್ಲ. ನಿಮ್ಮದೂ ಇಲ್ಲ. ಮೊದಲ ಸಲ ಹೊತ್ತ ಮೀನುಗಳಲ್ಲಿ ಹೀಗೆ ಆಗುವುದೇ ಹೆಚ್ಚು. ಕೆಲವೊಮ್ಮೆ ಮೊಟ್ಟೆ ಒಳಗೇ ಕೆಡುತ್ತವೆ, ಆಗ ತಾಯಿ ನುಂಗಲೇಬೇಕಾಗುತ್ತದೆ. ಅವಳು ಬೇಕೆಂದು ಮಾಡಿದ್ದಲ್ಲ. ಚೆನ್ನಾಗಿ ತಿನ್ನಿಸಿ, ಸೋತಿರುತ್ತಾಳೆ.

ಏನೂ ಆಗಿಲ್ಲವೆನ್ನುವ ಹಾಗೆ ಈಜುತ್ತಾಳೆ ಎಂದು ಬರೆದಿದ್ದೀರಿ. ಈಜದೆ ಏನು ಮಾಡಬೇಕು? ನಾನೂ ಹದಿನೈದೇ ದಿನಕ್ಕೆ ಬ್ಯಾಂಕಿಗೆ ಹೋದೆ.

ನಿಮ್ಮ ಪತ್ರವನ್ನು ಊಟದ ಬಿಡುವಿನಲ್ಲಿ ಓದಿದೆ. ಮೀನಿನ ಪರವಾಗಿ ನೀವು ದುರ್ಗಕ್ಕನ ಮೇಲೆ ಹರಿಹಾಯ್ದದ್ದು ಓದಿ ಅಳು ತಡೆಯಲಾಗಲಿಲ್ಲ. ನನ್ನ ಪರವಾಗಿ ಯಾರಾದರೂ ಹಾಗೆ ಒಂದು ಮಾತು ಆಡಿದ್ದರೆ ನಾನು ಬೀದರಿಗೆ ಬರುತ್ತಿರಲಿಲ್ಲ ಅತ್ತೆ.

ಹರಿಪ್ರಿಯಾ


ಹೊಸಪೇಟೆ
೯ ಸೆಪ್ಟೆಂಬರ್ ೨೦೦೬

ಮಗೂ ಹರೀ,

ನಿನ್ನ ತಪ್ಪು ಏನೂ ಇರಲಿಲ್ಲ. ಇದನ್ನು ಮೊದಲು ಓದು, ಮಿಕ್ಕದ್ದು ಆಮೇಲೆ ಓದಿದರಾಯಿತು.

ಜುಲೈನಿಂದ ಈ ಉತ್ತರವನ್ನು ಬಾಯಲ್ಲಿಟ್ಟುಕೊಂಡೇ ಓಡಾಡುತ್ತಿದ್ದೇನೆ. ನನ್ನಂಥ ಬಾಯಿಬಡುಕಿಗೆ ಇದೊಂದು ಮಾತು ಯಾಕೆ ಬರಲಿಲ್ಲವೋ. ಬುಟ್ಟಿ ಎತ್ತಿಟ್ಟವಳು ನಾನೇ. ನೀನು ಬಂದ ಕೂಡಲೇ ಅದು ಕಣ್ಣಿಗೆ ಬೀಳಬಾರದು ಎಂದಷ್ಟೇ. ಹೋದ ಮಗುವಿನ ಮಾತನ್ನು ತಾಯಿಯ ಮುಂದೆ ಎತ್ತುವುದಿಲ್ಲ, ಎತ್ತಿದರೆ ಅವಳು ಮರೆಯುವುದಿಲ್ಲ ಎಂದು ನಮ್ಮತ್ತೆ ಹೇಳುತ್ತಿದ್ದರು. ಮರೆಯುತ್ತಾರೆಯೇ? ಭಾರ್ಗವನಿಗಿಂತ ಮೊದಲು ನನಗೊಂದು ಹೋಗಿತ್ತು, ಏಳು ತಿಂಗಳಿನದು. ನನಗೂ ಯಾರೂ ಏನೂ ಅನ್ನಲಿಲ್ಲ. ನಾನಾದರೋ ಒಂದು ನೂಲೂ ಹೆಣೆದಿರಲಿಲ್ಲ, ಒಂದು ಚೂರು ಬಟ್ಟೆ ಹೊಲಿದಿರಲಿಲ್ಲ, ಎಲ್ಲ ಪದ್ಧತಿ ಪಾಲಿಸಿದ್ದೆ. ಆದರೂ ಹೋಯಿತು. ಹೋಗುವುದಕ್ಕೆ ಸ್ವೆಟರ್ ಬೇಕಿಲ್ಲ ಹರೀ.

ಕದ್ದು ಹೆಣೆದೆ ಎಂದು ಬರೆದಿದ್ದೀಯಲ್ಲ, ಏನು ಕದ್ದದ್ದು? ನಿನ್ನ ಕೋಣೆಯ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ, ಈ ಮನೆಗೆ ಬಂದು ಆರು ವರ್ಷವಾದರೂ ನಿನಗೆ ಗೊತ್ತಿಲ್ಲ. ಎಷ್ಟೋ ಮಧ್ಯಾಹ್ನ ನಿಂತು ನೋಡಿದ್ದೇನೆ. ಬೇಡ ಎನ್ನಬೇಕೆಂದು ಒಮ್ಮೆಯೂ ಅನ್ನಿಸಲಿಲ್ಲ. ಆ ಹಸಿರು ನನಗೂ ಹಿಡಿಸಿತ್ತು.

ಭಾರ್ಗವನ ವಿಷಯವನ್ನೂ ಹೇಳಿಬಿಡುತ್ತೇನೆ, ಅವನು ಸಾಯುವವರೆಗೂ ಹೇಳುವವನಲ್ಲ. ನೀನು ಆಸ್ಪತ್ರೆಯಲ್ಲಿದ್ದಾಗ ಬಟ್ಟೆ ಬದಲಿಸಲೆಂದು ಮನೆಗೆ ಬಂದವನು ಹಿತ್ತಲ ನಲ್ಲಿಯನ್ನು ಪೂರ್ತಿ ಬಿಟ್ಟುಕೊಂಡು ನಿಂತಿದ್ದ. ದಿನ ಬಿಟ್ಟು ದಿನ ಬರುವ ನೀರು. "ನೀರು ಸುರೀತೈತಲ್ಲೋ" ಎಂದು ಕೂಗಿಕೊಂಡು ಹೋದೆ. ನೀರಿನ ಸದ್ದಿನಲ್ಲಿ ಅಳು ಕೇಳಿಸಬಾರದೆಂದು ಬಿಟ್ಟುಕೊಂಡಿದ್ದ. ನಾನು ನಲ್ಲಿ ನಿಲ್ಲಿಸಲಿಲ್ಲ.

ನಾವು ಮೂರೂ ಜನ ಒಂದೇ ಮನೆಯಲ್ಲಿ ಒಬ್ಬರಿಗೊಬ್ಬರು ಕೇಳಿಸದ ಹಾಗೆ ಅತ್ತೆವು. ಎಂಥ ಜಾಣರು ನೋಡು.

ಬುಟ್ಟಿ ನನ್ನ ಟ್ರಂಕಿನಲ್ಲಿದೆ, ನನ್ನ ಮದುವೆ ಸೀರೆಯ ಮೇಲೆ. ತೊಳೆದಿಲ್ಲ. ಬಿಚ್ಚಿಲ್ಲ. ಕಡ್ಡಿ ನೀನು ನಿಲ್ಲಿಸಿದ ಹೆಣಿಗೆಯ ಮನೆಯಲ್ಲೇ ಇದೆ.

ನಿನ್ನ ಅತ್ತೆ


ಹೊಸಪೇಟೆ
೨೩ ಅಕ್ಟೋಬರ್ ೨೦೦೬

(ಕಾರ್ಡು)

ಹರೀ, ಆಶೀರ್ವಾದ. ಒಂದೂವರೆ ತಿಂಗಳಿಂದ ನಿನ್ನ ಪತ್ರವಿಲ್ಲ. ಫೋನಿನಲ್ಲಿ ಮತ್ತೆ ಬೀದರಿನ ಬಿಸಿಲೇ. ಹೇಳಬಾರದ್ದನ್ನು ಬರೆದೆನೋ ಎಂದು ಒಂದೊಂದು ಸಲ ಜೀವ ಅಳುಕುತ್ತದೆ. ಇದು ಕಾರ್ಡು, ಅಂಚೆಯವನೂ ಓದುತ್ತಾನೆ, ಆದ್ದರಿಂದ ಮೀನಿನ ವಿಷಯ ಮಾತ್ರ. ಯಜಮಾನಿ ಮತ್ತೆ ಊಟ ಬಿಟ್ಟಿದ್ದಾಳೆ. ಹತ್ತು ಹನ್ನೆರಡು ದಿನವಾಯಿತು, ಗದ್ದ ಹೋದ ಸಲಕ್ಕಿಂತ ದೊಡ್ಡದಿದೆ. ದೀಪಾವಳಿಗೆ ನಮ್ಮ ಓಣಿಯಲ್ಲಿ ಪಟಾಕಿ ಹಚ್ಚದಂತೆ ನಾನು ಕೋಲು ಹಿಡಿದು ಕಟ್ಟೆಯ ಮೇಲೆ ಕೂತಿದ್ದೆ, ಮಕ್ಕಳೆಲ್ಲ ಶಾಪ ಹಾಕಿ ಮುಂದಿನ ಓಣಿಗೆ ಹೋದವು. ಟ್ಯಾಂಕಿಗೆ ನನ್ನ ಹಳೆಯ ಸೀರೆಯ ಪರದೆ ಕಟ್ಟಿದ್ದೇನೆ. ಭಾರ್ಗವ ಈ ಸಲ ಒಮ್ಮೆಯೂ ಸರಿಸಿ ನೋಡಿಲ್ಲ, ಭಯ ಅವನಿಗೆ. ನಾನು ದಿನಕ್ಕೊಂದು ಸಲ ಸರಿಸಿ "ಇದ್ದೀನವ್ವ ಇಲ್ಲೇ" ಎಂದು ಹೇಳಿ ಮುಚ್ಚುತ್ತೇನೆ. ಮಾತಾಡಿದರೆ ಮೀನಿಗೆ ತೊಂದರೆಯಿಲ್ಲ ತಾನೇ? ಇಂ.


ಬೀದರ್
೨೬ ಅಕ್ಟೋಬರ್ ೨೦೦೬

ಅತ್ತೆ,

ಮಾತಾಡಿ. ಏನೂ ತೊಂದರೆಯಿಲ್ಲ.

ಸೆಪ್ಟೆಂಬರಿನ ನಿಮ್ಮ ಪತ್ರಕ್ಕೆ ಉತ್ತರ ಬರೆಯಲು ಕೂತಾಗಲೆಲ್ಲ ಮೊದಲ ಸಾಲು ಓದುತ್ತಿದ್ದೆ, ಅಲ್ಲಿಗೇ ನಿಲ್ಲುತ್ತಿತ್ತು. ಅಷ್ಟನ್ನೇ ಎಷ್ಟು ಸಲ ಓದಿದೆನೋ. ನೀವು ಹೇಳಬಾರದ್ದನ್ನು ಬರೆಯಲಿಲ್ಲ. ನಿಮ್ಮ ಏಳು ತಿಂಗಳಿನದ್ದಕ್ಕೂ ಸೇರಿಸಿ ಅತ್ತುಬಿಟ್ಟೆ. ಇಲ್ಲಿ ಅಳುವುದಕ್ಕೆ ನಲ್ಲಿ ಬಿಡಬೇಕಿಲ್ಲ, ಒಬ್ಬಳೇ ಇದ್ದೇನೆ. ಒಬ್ಬಳೇ ಅತ್ತರೆ ಮುಗಿಯುವುದಿಲ್ಲ ಎಂಬುದು ಗೊತ್ತಾಯಿತು.

ರಾಜ್ಯೋತ್ಸವದ ರಜೆಗೆ ಇನ್ನೊಂದು ವಾರ ಸೇರಿಸಿ ರಜೆ ಹಾಕಿದ್ದೇನೆ. ಮರಳಿ ಹೊಸಪೇಟೆಗೆ ವರ್ಗ ಕೇಳಿಯೂ ಬರೆದುಕೊಟ್ಟೆ, ಅದು ಬ್ಯಾಂಕಿನವರ ಕೃಪೆ, ತಡವಾಗಬಹುದು. ತುಳಸಿ ಪೂಜೆಯ ಬೆಳಿಗ್ಗೆ ಬಸ್ಸಿನಿಂದ ಇಳಿಯುತ್ತೇನೆ. ಸ್ಟ್ಯಾಂಡಿಗೆ ಬರಲು ಇವರಿಗೆ ನಾನೇ ಫೋನಿನಲ್ಲಿ ಹೇಳುತ್ತೇನೆ. ಬಿಸಿಲಿನ ಮಾತು ಬಿಟ್ಟು ಬೇರೆ ಮಾತೂ ಆಡುತ್ತೇನೆ.

ಯಜಮಾನಿ ಮರಿ ಬಿಡುವ ಹೊತ್ತಿಗೆ ನಾನು ಅಲ್ಲಿರುತ್ತೇನೆ. ಅವು ಉಳಿದರೂ ಇರುತ್ತೇನೆ, ಉಳಿಯದಿದ್ದರೂ ಇರುತ್ತೇನೆ. ಪರದೆ ಸರಿಸಿದಾಗ ಅವಳಿಗೆ ಇದನ್ನೂ ಹೇಳಿ.

ಬುಟ್ಟಿಯನ್ನು ಟ್ರಂಕಿನಿಂದ ತೆಗೆದಿಡಿ. ಇಲ್ಲಿ ಅಂಗಡಿಯಲ್ಲಿ ಹಸಿರು ಉಲ್ಲನ್ ಸಿಕ್ಕಿತು. ನೆನಪಿನಿಂದ ಹೊಂದಿಸಿ ತಂದೆ, ಬಣ್ಣ ಸ್ವಲ್ಪ ಆಚೀಚೆ ಇರಬಹುದು. ಒಂದು ತೋಳು ಒಂದು ಹಸಿರು, ಇನ್ನೊಂದು ಇನ್ನೊಂದು ಹಸಿರು ಆದರೆ ಆಗಲಿ. ಯಾರಿಗೆ ಎಂದು ಈಗಲೇ ಕೇಳಬೇಡಿ. ಬಾಗಿಲು ಹಾಕಿಕೊಂಡು ಹೆಣೆಯುವುದಿಲ್ಲ, ಪಡಸಾಲೆಯಲ್ಲಿ, ಟ್ಯಾಂಕಿನ ಮುಂದೆ, ನಿಮ್ಮ ಮಣೆಯ ಪಕ್ಕ ಕೂತು ಹೆಣೆಯುತ್ತೇನೆ. ನನಗೂ ಒಂದು ಮಣೆ ಹಾಕಿಡಿ.

ನಿಮ್ಮ
ಹರಿ